ಮೊದಲು ಆರಿಸಬೇಕಾದುದು ಯಂತ್ರವನ್ನಲ್ಲ

ಪಾತ್ರೆ ತೊಳೆಯುವ ಯಂತ್ರವು ಮಲೆನಾಡಿನ ಮನೆಗಳಿಗೂ ಕಾಲಿಡುತ್ತಿದೆ. ಒಮ್ಮೆ ತೊಳೆಯಲು 10–12 ಲೀಟರ್ ನೀರು ಸಾಕು, ಆದ್ದರಿಂದ ಅದು ಪರಿಸರಸ್ನೇಹಿ ಎಂಬುದು ಮಾರಾಟಗಾರರ ವಾದ. ತೆರೆದ ನಲ್ಲಿಗೆ ಹೋಲಿಸಿದರೆ ಉಳಿತಾಯ ನಿಜವೇ. ಆದರೆ ತೊಳೆದ ನೀರು ಸೇರುವುದೆಲ್ಲಿಗೆ?

ಬೂದಿಯಿಂದ ಬೆಳಗಿದ ಮುಸುರೆಯ ನೀರು ಬಾಳೆಬುಡಕ್ಕೆ ಹರಿಯುತ್ತಿತ್ತು. ಬೂದಿಯ ಪೊಟ್ಯಾಷ್ ಗಿಡಕ್ಕೆ ಗೊಬ್ಬರವಾಗುತ್ತಿತ್ತು. ಯಂತ್ರದ ಮಾರ್ಜಕವಾದರೋ ತೀಕ್ಷ್ಣ ಕ್ಷಾರ. ಗಡಸು ನೀರನ್ನು ಮೆದುವಾಗಿಸಲು ತುಂಬುವ ಉಪ್ಪೂ ಕೊನೆಗೆ ಹೊರಹರಿಯುತ್ತದೆ. ಸೋಡಿಯಂ ಸೇರಿದಷ್ಟೂ ಮಣ್ಣು ಕೆಡುತ್ತದೆ. ಮಲೆನಾಡಿನ ನೀರು ಬಹುಮಟ್ಟಿಗೆ ಮೆದುವೇ ಆಗಿರುವಾಗ ಆ ಉಪ್ಪಾದರೂ ಏತಕ್ಕೆ?

ಕಬ್ಬಿಣದ ಕಾವಲಿ, ಮರದ ಸಟ್ಟುಗ, ಅಲ್ಯೂಮಿನಿಯಂ ಪಾತ್ರೆಗಳು ಯಂತ್ರಕ್ಕೆ ಒಗ್ಗವು. ಯಂತ್ರಕ್ಕಾಗಿ ಪಾತ್ರೆಗಳನ್ನೇ ಬದಲಿಸುವುದು ಕೊಳ್ಳುಬಾಕತನವಲ್ಲದೆ ಮತ್ತೇನು? ನೀರು ಕಾಯಿಸಲು ವಿದ್ಯುತ್ತೂ ಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರುಗಳನ್ನು ಕಳೆದುಕೊಂಡ ಸೀಮೆಗೆ ವಿದ್ಯುತ್ತಿನ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಹಾಗೆಂದು, ‘ಕೈಯಿಂದಲೇ ತೊಳೆಯಿರಿ’ ಎಂದು ಗಂಡಸರು ಜಗಲಿಯಲ್ಲಿ ಕುಳಿತು ಉಪದೇಶಿಸುವುದು ಆತ್ಮವಂಚನೆ. ಮಳೆಗಾಲದ ಚಳಿಯಲ್ಲಿ ಬಚ್ಚಲ ಕಟ್ಟೆಯ ಮುಂದೆ ಬೆನ್ನು ಬಾಗಿಸಿದವಳು ಹೆಣ್ಣು. ಯಂತ್ರ ಬೇಡವೆನ್ನುವ ನೈತಿಕ ಹಕ್ಕು, ಉಂಡ ತಟ್ಟೆಯನ್ನು ತಾನೇ ತೊಳೆಯುವವನಿಗೆ ಮಾತ್ರ ಉಂಟು.

ಆದುದರಿಂದ ಕುಟುಂಬವು ಮೊದಲು ನಿಶ್ಚಯಿಸಬೇಕಾದುದು ಪಾತ್ರೆ ತೊಳೆಯುವ ಸರದಿಯನ್ನು. ಆ ಬಳಿಕವೂ ಯಂತ್ರ ಅನಿವಾರ್ಯವಾದರೆ ಫಾಸ್ಫೇಟ್‌ರಹಿತ ಮಾರ್ಜಕ, ಪೂರ್ತಿ ತುಂಬಿದ ಮೇಲಷ್ಟೇ ಚಾಲನೆ, ಬಾವಿಯಿಂದ ದೂರದಲ್ಲಿ ಇಂಗುಗುಂಡಿ ಇವು ಕನಿಷ್ಠ ಕಟ್ಟಳೆಗಳಾಗಲಿ. ಹಳ್ಳದ ನೀರಿಗೂ ಹೆಣ್ಣಿನ ಬೆನ್ನಿಗೂ ನ್ಯಾಯ ಒಟ್ಟಿಗೇ ದೊರೆಯಬೇಕು.