ಗೇರು ಬೀಳುವಾಗಿನ ಆಘಾತ

ನೆರೆಯ ಗೃಹಸ್ಥರೊಬ್ಬರ ಹಳೆಯ ಆಟೋಮ್ಯಾಟಿಕ್ ಕಾರು ಗೇರಿಗೆ ಹಾಕಿದೊಡನೆ ದಡಾರನೆ ಧಕ್ಕೆ ಕೊಡುತ್ತಿದ್ದಿತು. ಗೇರುಪೆಟ್ಟಿಗೆಯನ್ನೇ ಬಿಚ್ಚಬೇಕೆಂದು ಮೆಕ್ಯಾನಿಕರು ಹೇಳಿದುದರಿಂದ, ಮಗಳ ಮದುವೆಗೆಂದು ಕೂಡಿಟ್ಟ ಹಣಕ್ಕೆ ಕೈಹಾಕುವ ಪ್ರಸಂಗವೊದಗಿತ್ತು. ನಾನು ಹೇಳಿದುದಿಷ್ಟೆ: ಚಿಕಿತ್ಸೆಗೆ ಮೊದಲು ನಿದಾನ.

ವಾಚಕರೇ, ಪ್ರಥಮತಃ ಐಡ್ಲಿಂಗ್ ವೇಗವನ್ನು ನೋಡತಕ್ಕದ್ದು. ನಿಂತಲ್ಲಿಯೇ ಇಂಜಿನು ಅತಿವೇಗದಿಂದ ತಿರುಗುತ್ತಿದ್ದರೆ ಆಘಾತವು ಸಹಜವೇ. ಎರಡನೆಯದು ಗೇರುಪೆಟ್ಟಿಗೆಯ ಎಣ್ಣೆ. ಬಹುತೇಕ ಗಾಡಿಗಳಲ್ಲಿ ಇದನ್ನು ಸಮನೆಲದಲ್ಲಿ, ಬಿಸಿಯಾದ ಇಂಜಿನು ಓಡುತ್ತಿರುವಾಗಲೇ ಅಳೆಯಬೇಕು. ಕೆಂಪಾಗಿರಬೇಕಾದ ಎಣ್ಣೆ ಕಪ್ಪಾಗಿ ಸೀದ ವಾಸನೆ ಬಂದರೆ, ಒಳಗಿನ ಕ್ಲಚ್ಚುಗಳು ಸವೆದಿರುವುದರ ಸೂಚನೆ. ಮೂರನೆಯದು, ಇಂಜಿನಿನ ರಬ್ಬರು ಮೌಂಟುಗಳ ಹಾಗೂ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳ ಸಡಿಲಿಕೆ.

ಹಲವು ಹಳೆಯ ಗಾಡಿಗಳಲ್ಲಿ ಇಂಜಿನಿನ ಮೇಲಣ ಭಾರವನ್ನು ಗೇರುಪೆಟ್ಟಿಗೆಗೆ ತಿಳಿಸುವ ವ್ಯಾಕ್ಯೂಮ್ ಮಾಡ್ಯುಲೇಟರೂ ಉಂಟು. ಅದರ ರಬ್ಬರು ನಳಿಗೆ ಸೀಳಿದರೆ ನಿರ್ವಾತವು ತಲುಪದು, ಗೇರುಪೆಟ್ಟಿಗೆಯು ಭಾರ ಅಧಿಕವೆಂದು ಭ್ರಮಿಸಿ ಎಣ್ಣೆಯ ಒತ್ತಡವನ್ನು ಏರಿಸುವುದು, ಗೇರು ಬಡಿಯುವುದು. ನಳಿಗೆಯೊಳಗೆ ಎಣ್ಣೆ ಕಂಡರೆ ಮಾಡ್ಯುಲೇಟರಿನ ಪೊರೆಯೇ ಹರಿದಿದೆಯೆಂದು ತಿಳಿಯತಕ್ಕದ್ದು.

ನೆರೆಯವರ ಕಾರಿನಲ್ಲಿ ಕೆಟ್ಟಿದ್ದುದು ಗೇಣುದ್ದದ ಆ ನಳಿಗೆ ಮಾತ್ರ. ಅದನ್ನು ಬದಲಿಸಿದೊಡನೆ ಧಕ್ಕೆ ನಿಂತಿತು. ಮದುವೆಯ ಹಣ ಪೆಟ್ಟಿಗೆಯಲ್ಲಿಯೇ ಉಳಿಯಿತು.