ಓದೋಕೆ ಮನಸ್ಸೇ ಬರಲ್ಲ, ಯಾಕೆ?



ನಮ್ಮ ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತೊಂದಿದೆ. ‘ಯಾಕೋ ಓದೋಕೆ ಮನಸ್ಸೇ ಬರಲ್ಲ’ ಅನ್ನೋದು. ಇದಕ್ಕೆ ದೊಡ್ಡವರ ಉತ್ತರವೂ ಸಿದ್ಧವಾಗೇ ಇರುತ್ತೆ. ‘ಸೋಮಾರಿತನ, ಇನ್ನೇನು? ಮೊಬೈಲ್ ಹಿಡಿದು ಕೆಟ್ಟುಹೋದರು’ ಎನ್ನುತ್ತಾರೆ. ಮೊಬೈಲ್ ನಮ್ಮ ಹೊತ್ತನ್ನು ತಿನ್ನುತ್ತೆ ಅನ್ನೋದು ಸುಳ್ಳಲ್ಲ. ಆದರೆ ಎಲ್ಲಾ ತಪ್ಪನ್ನೂ ಸೋಮಾರಿತನದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗ ಬೆಳಗ್ಗೆ ಐದಕ್ಕೇ ಎದ್ದಿರುತ್ತಾನೆ. ಹಾಲು ಕರೆದು ಡೈರಿಗೆ ಹಾಕಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ಆಮೇಲೆ ಶಾಲೆಗೆ ಬಂದಿರುತ್ತಾನೆ. ಸಂಜೆ ಕತ್ತಲಾಗುವ ತನಕ ಕ್ರಿಕೆಟ್ ಆಡಿದರೂ ಅವನಿಗೆ ಸುಸ್ತಾಗಲ್ಲ. ಅವನನ್ನು ಸೋಮಾರಿ ಅನ್ನೋದು ಹೇಗೆ? ಅವನ ಸೋಮಾರಿತನ ಗಣಿತದ ಪುಸ್ತಕ ತೆಗೆದಾಗ ಮಾತ್ರ ಬರುತ್ತೆ ಅಂದರೆ ಕಾರಣ ಅವನ ಮೈಯಲ್ಲಿಲ್ಲ, ಆ ಪುಸ್ತಕದ ಹತ್ತಿರ ಎಲ್ಲೋ ಇದೆ.

ಆ ಕಾರಣ ಯಾವುದು ಅಂತ ನನ್ನ ಅನಿಸಿಕೆ ಹೇಳುತ್ತೇನೆ. ಅರ್ಥವಾಗದೇ ಇರುವುದರ ಮೇಲೆ ಯಾರಿಗೂ ಮನಸ್ಸು ಬರುವುದಿಲ್ಲ. ಈ ವರ್ಷದ ಪಾಠ ಅರ್ಥವಾಗದೇ ಇರೋದಕ್ಕೆ ಬಹಳ ಸಲ ಕಾರಣ ಈ ವರ್ಷದ್ದಲ್ಲ, ನಾಲ್ಕೈದು ವರ್ಷ ಹಿಂದಿನದು.

ನಾವು 1, 2, 3ನೇ ತರಗತಿಯಲ್ಲಿ ನಲಿ-ಕಲಿ ಕಲಿತವರು. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲಾ ಬಂತು. ಅದರಲ್ಲಿ ಕಲಿಕೆಗೆ ಒಂದು ಏಣಿ ಇತ್ತು, ನೆನಪಿದೆಯಾ? ಒಂದು ಮೆಟ್ಟಿಲಿನ ಕಾರ್ಡುಗಳನ್ನು ಮುಗಿಸಿದ ಮೇಲೆಯೇ ಮುಂದಿನ ಮೆಟ್ಟಿಲು. ಒಬ್ಬ ಬೇಗ ಹತ್ತುತ್ತಿದ್ದ, ಒಬ್ಬಳು ನಿಧಾನ ಹತ್ತುತ್ತಿದ್ದಳು. ಅದಕ್ಕೆ ಯಾರೂ ನಗುತ್ತಿರಲಿಲ್ಲ. ನಾಲ್ಕನೇ ತರಗತಿಗೆ ಬಂದ ಮೇಲೆ ಏಣಿ ಹೋಯ್ತು. ಬಂದವರು, ಬಾರದವರು, ಅರ್ಥವಾದವರು, ಆಗದವರು ಎಲ್ಲರಿಗೂ ಒಂದೇ ಪುಟ, ಒಂದೇ ದಿನ.

ಇದರ ಜೊತೆಗೆ ಕೊರೋನಾ ಬಂತು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. 1ರಿಂದ 5ನೇ ತರಗತಿಯವರಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2025-26ರಲ್ಲಿ ಒಂಬತ್ತನೇ ತರಗತಿಗೆ ಬಂದ ನಮ್ಮನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಶಾಲೆ ಮುಚ್ಚಿದಾಗ ನಾವು ಮೂರನೇ ತರಗತಿ. ನಾಲ್ಕನೇ ತರಗತಿ ಪೂರ್ತಿ ಮನೆಯಲ್ಲೇ ಕಳೆಯಿತು. ಐದನೇ ತರಗತಿಗೆ ಬರುವಾಗ ಅರ್ಧ ವರ್ಷವೇ ಮುಗಿದಿತ್ತು. ಮೇಷ್ಟ್ರುಗಳು ಊರಿಗೇ ಬಂದು ಗುಡಿ ಜಗಲಿ ಮೇಲೆ, ಮರದ ಕೆಳಗೆ ಪಾಠ ಮಾಡಿದ ‘ವಿದ್ಯಾಗಮ’ವೂ ಕೆಲವು ತಿಂಗಳಲ್ಲೇ ನಿಂತಿತು. ಫೋನಿನಲ್ಲಿ ಪಾಠ ಅಂದರೆ ಫೋನೇ ಇಲ್ಲದ ಮನೆಗಳಿದ್ದವು. 2022-23ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಮಾಡಿತು, ಅದರಿಂದ ಉಪಯೋಗವಾಯಿತು, ನಿಜ. ಆದರೆ ಎರಡು ವರ್ಷದ ಹಳ್ಳ ಒಂದೇ ವರ್ಷದಲ್ಲಿ ತುಂಬುತ್ತಾ?

ಭಾಗಾಕಾರ, ಭಿನ್ನರಾಶಿ ಗಟ್ಟಿಯಾಗಬೇಕಾದದ್ದು ಅದೇ 4, 5ನೇ ತರಗತಿಯಲ್ಲಿ. ಈಗ ಒಂಬತ್ತನೇ ತರಗತಿಯ ಗಣಿತದ ಮೊದಲನೇ ಅಧ್ಯಾಯ ಸಂಖ್ಯಾ ಪದ್ಧತಿ. ಅಲ್ಲಿ ‘ಪಿ ಬೈ ಕ್ಯೂ’ ಅಂತ ಬರೆದ ಕೂಡಲೇ ಅರ್ಧ ತರಗತಿಯ ಮುಖ ಬಾಡುತ್ತೆ. ಪಿ ಬೈ ಕ್ಯೂ ಅಂದರೆ ಭಿನ್ನರಾಶಿಯೇ ತಾನೇ? ಅದೇ ಗೊತ್ತಿಲ್ಲದವನಿಗೆ ಮುಂದಿನದೆಲ್ಲಾ ಕತ್ತಲೆ. ಒಂದು ವಾರ ಕತ್ತಲಲ್ಲಿ ಕೂತವನು ಎರಡನೇ ವಾರ ಕಿಟಕಿ ಕಡೆ ನೋಡುತ್ತಾನೆ. ಮೂರನೇ ವಾರ ಶಾಲೆಗೆ ಚಕ್ಕರ್. ಆಗ ನಾವು ‘ಅವನಿಗೆ ಆಸಕ್ತಿ ಇಲ್ಲ’ ಅಂದುಬಿಡ್ತೀವಿ.

ರೇಷ್ಮೆ ಹುಳ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳ ನಾಲ್ಕು ಜ್ವರ ದಾಟಿ ಹಣ್ಣಾಗುತ್ತೆ. ಅದು ಅತಿ ಹೆಚ್ಚು ಸೊಪ್ಪು ತಿನ್ನುವುದು ಕೊನೆಯ ಹಂತದಲ್ಲೇ. ಹಾಗಂತ ಮೊದಲನೇ, ಎರಡನೇ ಜ್ವರದಲ್ಲಿ ಉಪವಾಸ ಕೆಡವಿ, ಕೊನೆಗೆ ಗಾಡಿಗಟ್ಟಲೆ ಸೊಪ್ಪು ಸುರಿದರೆ ಗೂಡು ಕಟ್ಟುತ್ತಾ? ನಮ್ಮ ಹತ್ತನೇ ತರಗತಿ ಕೂಡಾ ಹಾಗೆಯೇ. ಕೊನೇ ಮೂರು ತಿಂಗಳು ವಿಶೇಷ ತರಗತಿ, ರಾತ್ರಿ ಓದು, ಗೈಡು ಅಂತ ಸುರಿಯುತ್ತಾರೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಅಂದ ಹಾಗಾಯಿತು.

ಇದರಲ್ಲಿ ಏನು ಹೋಗುತ್ತೆ ಅಂತ ಕೇಳಬಹುದು. ನಮ್ಮ ಬದುಕೇ ಹೋಗುತ್ತೆ. ಕಡ್ಡಾಯ ಶಿಕ್ಷಣದ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದವರಿಗೆ, ಅಂದರೆ ಹೆಚ್ಚುಕಮ್ಮಿ ಎಂಟನೇ ತರಗತಿವರೆಗೆ. ಆ ಮೇಲೆ ನಮ್ಮನ್ನು ಶಾಲೆಯಲ್ಲಿ ಹಿಡಿದಿಡುವುದು ನಮ್ಮ ಮನಸ್ಸು ಮತ್ತು ನಮ್ಮ ಮನೆಯವರ ಮನಸ್ಸು, ಎರಡೇ. ಹುಡುಗ ಫೇಲಾದರೆ ಕೂಲಿಗೆ ಹೋಗುತ್ತಾನೆ. ಹುಡುಗಿ ಫೇಲಾದರೆ ‘ಸಾಕು, ಮನೆಯಲ್ಲಿರಲಿ’ ಅಂತಾರೆ, ಆಮೇಲೆ ಗಂಡು ನೋಡೋಕೆ ಶುರು ಮಾಡ್ತಾರೆ. 18 ತುಂಬದೆ ಮದುವೆ ಮಾಡಬಾರದು ಅಂತ ಕಾನೂನು ಇದ್ದರೂ ಮಾತುಕತೆ ನಡೆಯೋದು ನಿಲ್ಲಲ್ಲ. ಆದ್ದರಿಂದ ‘ಮನಸ್ಸೇ ಬರಲ್ಲ’ ಅನ್ನೋದು ಸಣ್ಣ ಮಾತಲ್ಲ.

ನೋಡಿ ಬರೆದು ಪಾಸಾಗ್ತೀವಿ ಅನ್ನೋರಿಗೂ ಒಂದು ಮಾತು. 2024ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಿಂದ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದರು. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು. ಅದೇ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಅವಕಾಶವೂ ಬಂತು, ಒಳ್ಳೆಯದೇ. ಆದರೆ ಭಿನ್ನರಾಶಿ ಬಾರದವನಿಗೆ ಮೂರು ಸಲ ಬರೆದರೂ ಅದೇ ಪ್ರಶ್ನೆಪತ್ರಿಕೆ, ಅದೇ ಕತ್ತಲೆ.

ಹಾಗಾದರೆ ಮನಸ್ಸು ಬರಿಸೋದು ಹೇಗೆ? ಸಾಮಾನ್ಯವಾಗಿ ಮೂರು ಮದ್ದು ಹೇಳುತ್ತಾರೆ.

ಮೊದಲನೆಯದು ಹೆದರಿಕೆ. ಬೆತ್ತಕ್ಕೆ ಕಾನೂನಿನಲ್ಲೇ ಜಾಗವಿಲ್ಲ. ಅದು ಬೇರೆ ಮಾತು. ಹೆದರಿಕೆಯಿಂದ ಓದಿದವನು ಸಾರ್ ಆಚೆ ಹೋದ ತಕ್ಷಣ ಪುಸ್ತಕ ಮುಚ್ಚುತ್ತಾನೆ. ಹೆದರಿದವನು ಪ್ರಶ್ನೆಯನ್ನೂ ಕೇಳುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಸಾರ್’ ಅಂತ ಎಲ್ಲರ ಜೊತೆ ಕೂಗುತ್ತಾನೆ.

ಎರಡನೆಯದು ಬಹುಮಾನ. ಇದರ ಬಗ್ಗೆ ಅಮೆರಿಕದಲ್ಲಿ 1973ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬರೆಯೋದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡ್ತೀವಿ’ ಅಂದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಪ್ರಶಸ್ತಿ ಆಸೆಗೆ ಬರೆದಿದ್ದವರು ಮಿಕ್ಕವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು! ಇದ್ದ ಇಷ್ಟವೇ ಕಡಿಮೆಯಾಗಿತ್ತು. ಬಹುಮಾನವೇ ಬೇಡ ಅಂತ ನಾನು ಹೇಳ್ತಿಲ್ಲ, ಸ್ಟೀಲ್ ಲೋಟ ಕೊಟ್ಟರೆ ಯಾರು ತಾನೇ ಬೇಡ ಅಂತಾರೆ? ಆದರೆ ಲೋಟಕ್ಕೋಸ್ಕರ ಓದು ನಿಲ್ಲುವುದಿಲ್ಲ. ಅಲ್ಲದೆ ಪ್ರತಿ ವರ್ಷ ಅದು ಅದೇ ಮೂರು ಜನಕ್ಕೆ ಹೋಗುತ್ತೆ. ಉಳಿದವರು ಚಪ್ಪಾಳೆ ತಟ್ಟೋಕೆ ಮಾತ್ರ.

ಮೂರನೆಯದು ದೊಡ್ಡವರ ಕಥೆ. ನಮ್ಮ ಭಾಗದಲ್ಲಿ ಡಾ. ಎಚ್. ನರಸಿಂಹಯ್ಯನವರ ಕಥೆ ಕೇಳದವರಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡ ಹುಡುಗ ಓದೋದಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಹೋದರು, ಭೌತವಿಜ್ಞಾನ ಓದಿದರು, ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಕೇಳಿದ ದಿನ ನಮಗೂ ರೋಮಾಂಚನವಾಗುತ್ತೆ. ಮಾರನೇ ದಿನ ಮತ್ತೆ ಯಥಾಪ್ರಕಾರ. ಯಾಕೆ? ಕಥೆಯಲ್ಲಿ ನಡಿಗೆಯನ್ನು ಮಾತ್ರ ಹೇಳ್ತಾರೆ. ಅವರು ನಡೆದದ್ದು ಆವತ್ತು, ಓದಿದ್ದು ವರ್ಷಾನುಗಟ್ಟಲೆ. ನಮಗೆ ಬೇಕಾದದ್ದು ಆ ದಿನನಿತ್ಯದ ಓದಿನ ಗುಟ್ಟು.

ಆ ಗುಟ್ಟು ದೊಡ್ಡದೇನೂ ಅಲ್ಲ ಅಂತ ನನ್ನ ನಂಬಿಕೆ. ಮನಸ್ಸು ಬಂದ ಮೇಲೆ ಓದ್ತೀನಿ ಅಂತ ಕೂತರೆ ಅದು ಬರಲ್ಲ. ಒಂದು ಲೆಕ್ಕ ಬಿಡಿಸಿದ ಮೇಲೆ ಎರಡನೆಯದಕ್ಕೆ ತಾನಾಗೇ ಮನಸ್ಸು ಬರುತ್ತೆ. ಆ ಮೊದಲನೇ ಲೆಕ್ಕ ನಮ್ಮ ಕೈಗೆಟುಕುವ ಮೆಟ್ಟಿಲಿನದ್ದಾಗಿರಬೇಕು, ಅಷ್ಟೇ. ಒಂಬತ್ತನೇ ತರಗತಿಯವನು ಐದನೇ ತರಗತಿ ಪುಸ್ತಕ ತೆಗೆದರೆ ಅವಮಾನವಲ್ಲ. ಮೆಟ್ಟಿಲು ಎಲ್ಲಿ ಮುರಿದಿದೆಯೋ ಅಲ್ಲಿಂದಲೇ ತಾನೇ ರಿಪೇರಿ ಮಾಡಬೇಕು?

ಬೆಳಗ್ಗೆ ನಾಲ್ಕಕ್ಕೆ ಎದ್ದು ಓದಿ ಅನ್ನೋ ಬುದ್ಧಿವಾದ ಹುಳದ ಮನೆ ಇರುವವರಿಗೆ ನಡೆಯಲ್ಲ. ಅದರ ಬದಲು ಡೈರಿಯಿಂದ ಬಂದ ಮೇಲೆ ಇಪ್ಪತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಹೊತ್ತು ಬದಲಾಯಿಸಬೇಡಿ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಪದಗಳನ್ನು ತಾವೇ ಬಾಯಿಪಾಠ ಮಾಡಿ, ಹೆಚ್ಚಿನ ಪಾಲು ಒಂದೇ ದಿನದಲ್ಲಿ ಮರೆತುಹೋಗುತ್ತೆ ಅಂತ 1885ರಲ್ಲೇ ತೋರಿಸಿದ್ದರು. ಮತ್ತೆ ಮತ್ತೆ ತಿರುವಿ ಹಾಕಿದ್ದು ಉಳಿಯುತ್ತೆ. ಆದ್ದರಿಂದ ಭಾನುವಾರ ಮೂರು ಗಂಟೆ ಒಟ್ಟಿಗೆ ಓದೋದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಒಬ್ಬರೇ ಕೂತರೆ ನಿದ್ದೆ ಬರುತ್ತೆ, ಇಬ್ಬರು ಕೂಡಿ ಕೂರಿ. ಗೊತ್ತಿದ್ದವರು ಹೇಳಿಕೊಡಿ, ಹೇಳಿಕೊಟ್ಟವರಿಗೇ ಹೆಚ್ಚು ಗಟ್ಟಿಯಾಗುತ್ತೆ.

ಗುರುಗಳಲ್ಲಿ ಒಂದು ಬಿನ್ನಹ. ನಿಮಗೆ ಪಠ್ಯ ಮುಗಿಸಬೇಕು, ದಾಖಲೆ ಬರೆಯಬೇಕು, ಊಟದ ಲೆಕ್ಕ ಇಡಬೇಕು, ನಮಗೆ ಗೊತ್ತು. ಆದರೂ ‘ಪ್ರಶ್ನೆ ಉತ್ತರ ಎರಡು ಸಲ ಬರೆದು ತನ್ನಿ’ ಅಂದಾಗ ನಾವು ಗೈಡ್ ನೋಡಿ ಇಳಿಸುತ್ತೇವೆ, ಕೈ ನೋಯುತ್ತೆ, ತಲೆಗೆ ಏನೂ ಹೋಗಲ್ಲ. ಅದರ ಬದಲು ಎರಡೇ ಲೆಕ್ಕ ಕೊಡಿ, ಆದರೆ ತಿದ್ದಿ ಕೊಡಿ. ಬರೀ ಟಿಕ್ ಹಾಕದೆ ‘ಮೂರನೇ ಸಾಲಿನಲ್ಲಿ ತಪ್ಪಿದ್ದೀಯ, ಮೊದಲೆರಡು ಸರಿ’ ಅಂತ ಒಂದು ಸಾಲು ಬರೆದರೆ, ಆ ನೋಟ್‌ಬುಕ್ಕನ್ನು ನಾವು ಮನೆಯಲ್ಲೆಲ್ಲಾ ತೋರಿಸುತ್ತೇವೆ. ‘ಜಾಣ’, ‘ದಡ್ಡ’ ಎಂಬ ಎರಡೂ ಮಾತು ಬೇಡ. ನಾವು ಏನು ಮಾಡಿದೆವು, ಇನ್ನೇನು ಮಾಡಬೇಕು, ಅದನ್ನು ಹೇಳಿದರೆ ಸಾಕು.

ಕೊನೆಯದಾಗಿ ಒಂದು ಸಲಹೆ. ಈ ಗೋಡೆ ಪತ್ರಿಕೆಯ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಡೋಣ. ಯಾರಿಗೆ ಯಾವ ತರಗತಿಯ ಯಾವ ಪಾಠ ಬರಲ್ಲವೋ ಅದನ್ನು ಚೀಟಿಯಲ್ಲಿ ಬರೆದು ಹಾಕಲಿ. ಹೆಸರು ಬರೆಯೋದು ಬೇಡ. ಶನಿವಾರ ಪೆಟ್ಟಿಗೆ ತೆಗೆದು, ಅತಿ ಹೆಚ್ಚು ಚೀಟಿ ಬಂದ ಪಾಠವನ್ನು ಅರ್ಧ ಗಂಟೆ ಮತ್ತೆ ಹೇಳಿಕೊಡಲಿ, ಗುರುಗಳೋ ಇಲ್ಲವೇ ಹತ್ತನೇ ತರಗತಿಯ ಅಕ್ಕಂದಿರು ಅಣ್ಣಂದಿರೋ. ಮೊದಲನೇ ವಾರ ಭಾಗಾಕಾರದ ಚೀಟಿಗಳೇ ತುಂಬಬಹುದು. ತುಂಬಲಿ. ‘ಇದು ನನಗೊಬ್ಬನಿಗೇ ಬರಲ್ಲ’ ಅಂತ ತಲೆ ತಗ್ಗಿಸಿ ಕೂತವನಿಗೆ, ತನ್ನ ಹಾಗೆ ಇನ್ನೂ ಹದಿನೈದು ಜನ ಇದ್ದಾರೆ ಅಂತ ಗೊತ್ತಾದರೆ ಅರ್ಧ ಭಾರ ಅಲ್ಲೇ ಇಳಿಯುತ್ತೆ.

ಪೆಟ್ಟಿಗೆಗೆ ರಟ್ಟು ನಾನು ತರುತ್ತೇನೆ. ಚೀಟಿ ನೀವು ತನ್ನಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ