ಅಂಗೈಯ ಸಾಂತ್ವನ ಮತ್ತು ಮೌನದ ಮನೆಗಳು

ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ತಲುಪುವಷ್ಟರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಶತಮಾನಕ್ಕೂ ಮಿಕ್ಕಿ ದೇಶಕ್ಕೆ ಚಿನ್ನ ಕೊಟ್ಟ ಕೋಲಾರ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಅಂದಿನಿಂದ ಇಲ್ಲಿನ ಸಾವಿರಾರು ಮನೆಗಳ ಅನ್ನ ಬೆಂಗಳೂರಿನಲ್ಲಿದೆ. ನಸುಕಿನಲ್ಲಿ ಹೊರಟು ರಾತ್ರಿ ಮರಳುವ ಬದುಕು. ನಾಳೆ ಈ ಕೆಲಸ ಇರುತ್ತದೋ ಇಲ್ಲವೋ ಎಂಬ ಆತಂಕ. ಆ ಬೋಗಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಯುವಕರೆಲ್ಲ ಹಾಡು ಕೇಳುತ್ತಿದ್ದಾರೆಂದು ನಾವು ಭಾವಿಸುತ್ತೇವೆ. ಆದರೆ ಅವರಲ್ಲಿ ಕೆಲವರು ಎದೆಬಡಿತವನ್ನು ಹತೋಟಿಗೆ ತರಲು ಮೊಬೈಲ್ ಆ್ಯಪ್ ಹೇಳಿಕೊಡುವ ಉಸಿರಾಟದ ಅಭ್ಯಾಸವನ್ನು ಮಾಡುತ್ತಿರಲೂಬಹುದು.

ಇದನ್ನು ನಾವು ಗೇಲಿ ಮಾಡಬೇಕಾಗಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ವೈಸಾದಂಥ ಆ್ಯಪ್‌ಗಳು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿವೆ. ಮನಸ್ಸಿಗೆ ಬರುವ ಭಯದ ಆಲೋಚನೆಯನ್ನು ಬರೆದಿಡುವುದು, ಅದು ಎಷ್ಟರಮಟ್ಟಿಗೆ ನಿಜವೆಂದು ಪರಿಶೀಲಿಸುವುದು, ಬೇರೊಂದು ದೃಷ್ಟಿಯಿಂದ ನೋಡಲು ಕಲಿಯುವುದು - ಮನಶ್ಶಾಸ್ತ್ರಜ್ಞರು ಬಳಸುವ ಈ ಕ್ರಮವನ್ನೇ ಅವು ಹಂತಹಂತವಾಗಿ ಹೇಳಿಕೊಡುತ್ತವೆ. ಇದು ತೀರಾ ಹೊಸತೂ ಅಲ್ಲ. ಹತ್ತನೆಯ ಶತಮಾನದಲ್ಲಿ ನಿಧನರಾದ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರು ದೇಹದ ಕಾಯಿಲೆಯಂತೆ ಮನಸ್ಸಿಗೂ ಕಾಯಿಲೆಯುಂಟೆಂದು ಬರೆದರು. ಮನೆಯಲ್ಲಿ ತುರ್ತಿಗೆಂದು ಔಷಧಿ ಇಟ್ಟುಕೊಳ್ಳುವಂತೆ, ಕಷ್ಟಕಾಲಕ್ಕೆಂದು ಒಳ್ಳೆಯ ಆಲೋಚನೆಗಳನ್ನು ಮೊದಲೇ ಸಂಗ್ರಹಿಸಿಟ್ಟುಕೊಳ್ಳಬೇಕೆಂದು ಸಲಹೆಯಿತ್ತರು. ಇಂಥ ಪರಂಪರೆಯ ವಾರಸುದಾರರಾದ ನಾವೇ ಇಂದು ಮನೋರೋಗವೆಂದರೆ ಮುಖ ಮುಚ್ಚಿಕೊಳ್ಳುತ್ತಿರುವುದು ಎಂಥ ವಿಪರ್ಯಾಸ!

ಪ್ರಶ್ನೆಯಿರುವುದು ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಎಂಬುದರಲ್ಲಲ್ಲ. ನಮ್ಮ ಮಕ್ಕಳು ಮನೆಯವರಿಗೆ ಹೇಳದ ಮಾತನ್ನು ಯಂತ್ರಕ್ಕೆ ಹೇಳುತ್ತಿರುವುದೇಕೆ ಎಂಬುದರಲ್ಲಿ. ಮಗಳು ನಿದ್ದೆ ಬರುತ್ತಿಲ್ಲವೆಂದರೆ ನಾವು ಮೊದಲು ಯೋಚಿಸುವುದು ಅವಳ ನಿಕಾಹ್‌ನ ಬಗ್ಗೆ: ಸುದ್ದಿ ಹೊರಗೆ ಹೋದರೆ ಸಂಬಂಧ ಕುದುರುವುದೇ? ಮಗ ಕೋಣೆಯಿಂದ ಹೊರಗೆ ಬಾರದಿದ್ದರೆ ಸೋಮಾರಿಯೆಂದು ಬೈಯುತ್ತೇವೆ. ನಂತರ ತಾಯಿತ ಕಟ್ಟುವವರ ಮನೆಯ ಬಾಗಿಲು. ಎಲ್ಲ ಮುಗಿದ ಮೇಲೆ, ಬಹಳ ತಡವಾಗಿ, ವೈದ್ಯರು. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ಸಂಶಯವಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಪ್ರಾರ್ಥನೆಯ ಜೊತೆ ಮಾತ್ರೆಯನ್ನೂ ನುಂಗುವ ನಾವು, ಖಿನ್ನತೆಯ ವಿಷಯದಲ್ಲಿ ಮಾತ್ರ ಈಮಾನ್ ದುರ್ಬಲವಾಗಿದೆಯೆಂದು ತೀರ್ಪು ಕೊಡುವುದು ಯಾವ ನ್ಯಾಯ?

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಆದರೆ ಚಿಕಿತ್ಸೆಯಿಂದ ದೂರ ಉಳಿದವರ ಪ್ರಮಾಣ ಕಾಯಿಲೆಗನುಗುಣವಾಗಿ ಶೇ. 70ರಿಂದ 92ರಷ್ಟು! ಈ ದೊಡ್ಡ ಕಂದಕವನ್ನೇ ಇಂದು ಆ್ಯಪ್‌ಗಳು ತುಂಬಲು ಹೊರಟಿರುವುದು.

ಆದರೆ ಅವುಗಳ ಮಿತಿಯನ್ನೂ ನಾವು ಅರಿತಿರಬೇಕು. ಮೊದಲನೆಯದು ಗುಟ್ಟಿನ ಪ್ರಶ್ನೆ. 2022ರಲ್ಲಿ ಮೊಝಿಲ್ಲಾ ಸಂಸ್ಥೆ ಇಂಥ 32 ಆ್ಯಪ್‌ಗಳನ್ನು ಪರಿಶೀಲಿಸಿ, 28ಕ್ಕೆ ಖಾಸಗಿತನದ ವಿಷಯದಲ್ಲಿ ಎಚ್ಚರಿಕೆಯ ಗುರುತು ಹಾಕಿತು. ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪೆನಿಗಳಿಗೆ ನೀಡಿದ ಆರೋಪದ ಮೇಲೆ ಅಮೆರಿಕದ ಬೆಟರ್‌ಹೆಲ್ಪ್, 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ನೆರೆಮನೆಯವರಿಗೆ ತಿಳಿಯಬಾರದೆಂದು ನಾವು ಮುಚ್ಚಿಟ್ಟದ್ದು ಮಾರುಕಟ್ಟೆಯ ಸರಕಾಗುವುದೆಂದರೆ ಇದೇ. ಎರಡನೆಯದು, ವ್ಯಾಪಾರ ಗಿಟ್ಟದಿದ್ದರೆ ಕಂಪೆನಿಗಳು ಬಾಗಿಲು ಹಾಕಿಕೊಳ್ಳುತ್ತವೆ; ಬಹಳ ಹೆಸರು ಮಾಡಿದ್ದ ವೋಬಾಟ್ ಆ್ಯಪ್ 2025ರ ಜೂನ್ 30ರಂದು ನಿಂತೇಹೋಯಿತು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಬದುಕೇ ಬೇಡವೆನಿಸಿದವರ ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತಿರಬೇಕು. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗದು.

ಹಣವಿಲ್ಲದವರಿಗೂ ದಾರಿಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 2024ರಲ್ಲಿ ಅದರ ಆ್ಯಪ್ ಕೂಡ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಘೋಷಿಸಿದೆ; ರೋಗಿಯ ಗುಟ್ಟನ್ನು ಕಾಪಾಡುವುದು ಕಡ್ಡಾಯವೆಂದೂ ಹೇಳಿದೆ.

ಹಾಗೆಂದು ಸರಕಾರ ಒಂದು ದೂರವಾಣಿ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮನೋವೈದ್ಯರು ನಿಗದಿತ ದಿನ ತಾಲೂಕು ಆಸ್ಪತ್ರೆಗಳಿಗೆ ಬಂದು ತಪಾಸಣೆ ನಡೆಸಬೇಕೆಂಬುದು ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಆಶಯ. ನಮ್ಮ ಊರಿನ ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆ? ಮತ ಕೇಳಲು ಮೊಹಲ್ಲಾಕ್ಕೆ ಬರುವವರನ್ನು ನಾವು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದಾಗಬೇಕು. ಗಣಿ ಮುಚ್ಚಿದಾಗ ಕಳೆದುಹೋದದ್ದು ಸಂಬಳ ಮಾತ್ರವಲ್ಲ; ಮನೆಗಳ ನೆಮ್ಮದಿಯೂ ಹೋಯಿತು. ಅದರ ಲೆಕ್ಕ ಯಾವ ಪರಿಹಾರದ ಕಡತದಲ್ಲೂ ಸೇರಲಿಲ್ಲ.

ಉಳಿದದ್ದು ನಮ್ಮ ಕೈಯಲ್ಲೇ ಇದೆ. ರಾಬರ್ಟ್‌ಸನ್‌ಪೇಟೆಯ, ಬಂಗಾರಪೇಟೆಯ ಮಸೀದಿಗಳ ಸೂಚನಾ ಫಲಕದಲ್ಲಿ ನಮಾಝ್‌ನ ವೇಳಾಪಟ್ಟಿಯ ಪಕ್ಕ 14416 ಎಂಬ ಐದು ಅಂಕಿಗಳಿಗೆ ಜಾಗವಿಲ್ಲವೇ? ವರ್ಷಕ್ಕೊಂದು ಜುಮಾದಂದು ಖತೀಬರು ಈ ವಿಷಯ ಎತ್ತಬಾರದೇ? ಮತ್ತು ರಾತ್ರಿಯ ರೈಲಿನಿಂದಿಳಿದು ಮನೆಗೆ ಬಂದ ಮಗನನ್ನು, ಸಂಬಳ ಬಂತೇ ಎಂದು ಕೇಳುವ ಮುನ್ನ, ಹೇಗಿದ್ದೀಯಪ್ಪಾ ಎಂದು ಕೇಳಲು ನಮಗೆ ಯಾವ ಆ್ಯಪ್ ಬೇಕು?